ಜಯಂತನ ಸಾಲು

೧೨ ಜೂನ್, ಶುಕ್ರವಾರ. ಲಕ್ಷ್ಮೀ ನಗರ.

ಇವತ್ತು ಜಯಂತನ ಹೆಸರನ್ನು ನನ್ನ ಕೈಯಾರೆ ಅಳಿಸಿದೆ.

ನಮ್ಮ ಆಸ್ಪತ್ರೆ ಸಾಫ್ಟ್‌ವೇರ್‌ನ ಕೋಡಿನಲ್ಲಿ ಕಳ್ಳರು ನುಗ್ಗಬಹುದಾದ ಕಡೆಗಳನ್ನು ಹುಡುಕುವ ಸ್ಕ್ಯಾನರ್ ಬೆಳಿಗ್ಗೆ ಒಂದು ಸಾಲಿಗೆ ಕೆಂಪು ಗುರುತು ಹಾಕಿತ್ತು. ಅದು ಅವನು ಬರೆದದ್ದು. ಅವನ ಬೇರೆ ಕೆಲಸವನ್ನೆಲ್ಲ ಹೊಸಬರು ಆಗಲೇ ಬದಲಿಸಿದ್ದಾರೆ. ಅವನ ಹೆಸರಿನಲ್ಲಿ ಉಳಿದಿದ್ದು ಇದೊಂದೇ. ಸಾಲಿನ ಪಕ್ಕ ಕಾಣುವುದು ಅದನ್ನು ಕೊನೆಗೆ ತಿದ್ದಿದವರ ಹೆಸರು. ಅನುವಾದದ ಪುಸ್ತಕದಲ್ಲಾದರೆ ಮೊದಲು ಬರೆದವರದು, ಅನುವಾದಿಸಿದವರದು, ಇಬ್ಬರ ಹೆಸರೂ ಇರುತ್ತದೆ.

ತಪ್ಪು ನಿಜವಾದದ್ದೇ. ಹೊರಗಿನವರು ಟೈಪ್ ಮಾಡಿದ್ದನ್ನು ಪರೀಕ್ಷಿಸದೆ ನೇರವಾಗಿ ಒಳಗೆ ಬಿಟ್ಟಿದ್ದ. ಸುಳ್ಳು ಎಚ್ಚರಿಕೆ ಎಂದು ಗುರುತಿಸಿ ಹಾಗೇ ಉಳಿಸಬಹುದಿತ್ತು. ಆದರೆ ಒಳಗಿರುವುದು ರೋಗಿಗಳ ವಿವರ. ಮನಸ್ಸು ಒಪ್ಪಲಿಲ್ಲ.

ಪಕ್ಕದ ಮೇಜಿನ ಮಧ್ವೇಶ ಚಹಾ ಹಿಡಿದು ಬಂದ. "ಏನ್ರೀ ಸುಮೇಧಾ, ಒಂದ್ ಸಾಲಿಗೆ ಇಡೀ ದಿನ ಬೇಕೇನ್ರೀ? ಜಲ್ದಿ ಮುಗಸ್ರಿ. ಜಯಂತ ಇದ್ದಿದ್ರ ನಗತಿದ್ದ ನೋಡ್ರಿ."

"ಹೌದ್ರಿ, ನಗತಿದ್ರು," ಎಂದೆ. ಆಫೀಸಿನಲ್ಲಿ ಅವನನ್ನು ಬಹುವಚನದಲ್ಲೇ ಕರೆಯುತ್ತಿದ್ದೆ. ಈಗಲೂ ನಾಲಿಗೆ ತಪ್ಪಲಿಲ್ಲ.

ಯುಗಾದಿ ಮುಗಿದ ಮೇಲೆ ಎರಡೂ ಮನೆಯವರಿಗೆ ನಮ್ಮಿಬ್ಬರ ವಿಷಯ ಹೇಳೋಣ ಎಂದಿದ್ದೆವು. ಅದಕ್ಕೂ ಮೊದಲೇ ಬುಟಿಬೋರಿ ರಸ್ತೆಯ ಅಪಘಾತದಲ್ಲಿ ಹೋದ. ಅವತ್ತು ಅವನ ತಾಯಿಯ ಮುಂದೆ ನಾನು ಆಫೀಸಿನವಳಾಗಿಯೇ ನಿಂತು ಬಂದೆ.

ಸಂಜೆ ಸಾಲನ್ನು ತಿದ್ದಿ, ಸ್ಕ್ಯಾನರ್ ಮತ್ತೆ ಓಡಿಸಿದೆ. ಯಾವ ದೋಷವೂ ಸಿಗಲಿಲ್ಲ ಎಂದು ತೋರಿಸಿತು. ಪಕ್ಕದಲ್ಲಿ ನನ್ನ ಹೆಸರು. ಮಧ್ವೇಶ ಖುಷಿಯಿಂದ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ನಾನೂ ತಟ್ಟಬೇಕಾಯಿತು.