ಇಟಲಿಯ ಇನ್ಸ್‌ಪೆಕ್ಟರುಗಳ ಗತಿ

ಅಡಿಲೇಡ್, ಭಾನುವಾರ

ಇನ್ಸ್‌ಪೆಕ್ಟರ್ ಮಾವನವರ ಸನ್ನಿಧಿಗೆ ಸೋದರಳಿಯ ನಿಶ್ಚಲನ ವರದಿ.

ಇಲ್ಲಿನ ಇಟಾಲಿಯನ್ ಕ್ಲಬ್ಬಿನಲ್ಲಿ ಅವರ ಎಪ್ಪತ್ತರ ದಶಕದ ನಾಲ್ಕು ಪೊಲೀಸ್ ಸಿನಿಮಾ ನೋಡಿದೆ. ಸದರಿ ನಾಲ್ಕರಲ್ಲೂ ನಾಯಕ ಇನ್ಸ್‌ಪೆಕ್ಟರ್ ಮಂತ್ರಿಯ ಮಗನನ್ನು ಹಿಡಿಯುತ್ತಾನೆ, ವರ್ಗಾವಣೆ ಆದೇಶವನ್ನು ಹರಿದುಹಾಕುತ್ತಾನೆ, ಕೊನೆಗೆ ತನ್ನದೇ ಕಚೇರಿಯ ಮೆಟ್ಟಿಲ ಮೇಲೆ ಗುಂಡು ತಿಂದು ಬೀಳುತ್ತಾನೆ. ನಾನು ಅತ್ತಿದ್ದನ್ನು ನೋಡಿ ಪಕ್ಕದ ಇಟಾಲಿಯನ್ ತಾತ ಕಾಫಿ ಕೊಟ್ಟು, “ಗೆಲ್ಲೋದೆಲ್ಲ ಅಮೆರಿಕದ ಪೊಲೀಸರು ಕಣಪ್ಪ, ನಮ್ಮೋರು ಸಾಯ್ತಾರೆ” ಎಂದರು.

ಶಾಸಕರ ಮಗನನ್ನು ಒಳಗೆ ಹಾಕಿದ ನೀವು ಬೀದರ್ ವರ್ಗಾವಣೆಗೆ ಒಪ್ಪುತ್ತಿಲ್ಲವೆಂದೂ ಮನೆಗೆ ಬೆದರಿಕೆ ಫೋನು ಬರುತ್ತಿದೆಯೆಂದೂ ಅತ್ತೆ ಹೇಳಿದರು. ನನ್ನ ನೆಗಡಿ ವಾಸಿಯಾಗಿದೆ. ಈ ಪೋಸ್ಟ್‌ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ನೀವು ಯಾರ ಕ್ಷಮೆಯನ್ನೂ ಕೇಳಬೇಡಿ, ಆದರೆ ಬೀದರ್‌ಗೆ ಹೋಗಿಬಿಡಿ ಮಾವ. ನನಗೆ ಬದುಕಿರುವ ಇನ್ಸ್‌ಪೆಕ್ಟರ್ ಬೇಕು.

ನಿಶ್ಚಲ್