ಪಂಚಮಿಗೆ ಬಳೆ ಬೇಡ

ಅತ್ತೆಯವರಿಗೆ ಶೀತಲ್ ಮಾಡುವ ನಮಸ್ಕಾರ.

ಈ ಪಂಚಮಿಗೆ ಹಸಿರು ಬಳೆ ಕಳಿಸಬೇಡಿ. ಹೋದ ಸಲ ಕಳಿಸಿದ್ದನ್ನು ನಿಮ್ಮ ಮಗ ನನ್ನ ಕೈಯಲ್ಲೇ ಒಡೆದ. ಮಣಿಕಟ್ಟು ಹಿಡಿದು ಅಡುಗೆಕಟ್ಟೆಗೆ ಬಡಿಯುತ್ತಲೇ ಇದ್ದ, ಕೊನೆಯ ಬಳೆಯವರೆಗೂ. ಗಾಜಿನ ಚೂರುಗಳನ್ನು ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಹೆಬ್ಬೆರಳು ಇನ್ನೂ ಮಡಚಲು ಬರುವುದಿಲ್ಲ. ಅವನು ಬಡಿಯುತ್ತಿದ್ದಾಗ ನೀವು ವಿಡಿಯೋ ಕಾಲ್‌ನಲ್ಲಿ ಎಲ್ಲವನ್ನೂ ನೋಡಿದಿರಿ. "ಗಂಡಸಂದ್ಮ್ಯಾಲ ಸಿಟ್ಟು ಇರತೈತಿ, ತಡಕೋಬೇಕವಾ" ಎಂದು ಫೋನ್ ಇಟ್ಟಿರಿ.

ನಾನೂ ಪೂರ್ವಿಯೂ ಈಗ ಇಲ್ಲಿನ ಬೈಟನ್‌ವೆಲ್ಡರ್ಟ್ ಬಡಾವಣೆಯ ಮನೆಯಲ್ಲಿಲ್ಲ. ವಿಳಾಸ ಕೇಳಬೇಡಿ. ನಿಮ್ಮ ಮೊಮ್ಮಗಳು ಶಾಲೆಗಾಗಿ ಒಂಬೈನೂರು ವರ್ಷಗಳ ಹಿಂದಿನ ಜರ್ಮನ್ ರಾಣಿ ಪ್ರಾಕ್ಸೆಡಿಸ್ ಬಗ್ಗೆ ಓದುತ್ತಿದ್ದಾಳೆ. ಗಂಡನ ಸೆರೆಯಿಂದ ತಪ್ಪಿಸಿಕೊಂಡ ಆಕೆ, ಅವನ ಕ್ರೌರ್ಯವನ್ನೆಲ್ಲ ಪೋಪರ ಸಭೆಯ ಮುಂದಿಟ್ಟಳಂತೆ.

"ಅಮ್ಮಾ, ಕಿಂಗ್‌ನ ಮದರ್ ಯಾಕ ಸ್ಟಾಪ್ ಮಾಡ್ಲಿಲ್ಲ?" ಎಂದು ಕೇಳಿದಳು.

ಆ ತಾಯಿ ಮದುವೆಗೆ ಮೊದಲೇ ತೀರಿಕೊಂಡಿದ್ದಳು ಎಂದೆ.

ನೀವಿದ್ದೀರಿ. ಗುರುವಾರ ನನ್ನ ವಕೀಲರು ನಿಮಗೆ ವಿಡಿಯೋ ಕಾಲ್ ಮಾಡುತ್ತಾರೆ. ಕನ್ನಡ ಬಲ್ಲವರೊಬ್ಬರು ಜೊತೆಗಿರುತ್ತಾರೆ. ಕಂಡದ್ದನ್ನು ಕಂಡಂತೆ ಹೇಳಿ.

ಈ ಸಲ ಫೋನ್ ಇಡಬೇಡಿ.

ನಿಮ್ಮ ಸೊಸೆ,
ಶೀತಲ್