ಎದೆಯಿಂದ ಅಂಗೈಗೆ

ಘಾಟ್ಕೋಪರ್, 11 ಜೂನ್ 1978
ಭಾನುವಾರ. ದಾದರ್‌ನಿಂದ ತರಕಾರಿ ತಂದೆವು. ಸ್ಟೇಷನ್ ಬ್ರಿಜ್ ಮೇಲೆ ಇವರು ಮತ್ತೆ ಸಿನಿಮಾ ಪೋಸ್ಟರ್ ಮುಂದೆ ನಿಂತರು. ‘ಈ ವಯಸ್ಸಿನಾಗ ಹೀರೋಯಿನ್ ಹುಚ್ಚೇನ್ರಿ?’ ಎಂದು ರೇಗಿಸಿದೆ. ನಗಲಿಲ್ಲ. ಕೈ ಎದೆ ಮೇಲೆ, ಹಣೆ ತುಂಬ ಬೆವರು. ಇಷ್ಟು ದಿನ ನಿಂತದ್ದು ಪೋಸ್ಟರಿಗಲ್ಲ, ನೋವು ಇಳಿಯಲೆಂದು. ನಾನೊಬ್ಬಳು ಹುಚ್ಚಿ...

27 ಜೂನ್
ರಕ್ತನಾಳದೊಳಗೆ ಬಣ್ಣದ ಔಷಧ ಬಿಟ್ಟು ಎದೆಯ ಫೋಟೋ ತೆಗೆದರು. ಡಾಕ್ಟರ್ ಪರಾಂಜಪೆ ಬಿಡಿಸಿ ಹೇಳಿದರು — ರಕ್ತನಾಳದ ಟೊಂಗೆ ಇಕ್ಕಟ್ಟಾಗಿದ್ದರೆ ಗುಳಿಗೆ ಕೊಟ್ಟು ಕಾಯಬಹುದಿತ್ತು. ಇವರದು ಬುಡವೇ ಇಕ್ಕಟ್ಟು. ಕಾಯುವುದು ಬೇಡ. ಕಾಲಿನ ನರ ತೆಗೆದು ರಕ್ತಕ್ಕೆ ಬೇರೆ ದಾರಿ ಹೊಲಿಯುತ್ತಾರಂತೆ. ಬೈಪಾಸ್. ಅದರಲ್ಲೂ ಜೀವಕ್ಕೆ ಅಪಾಯ ಇದೆ, ಮುಚ್ಚಿಡುವುದಿಲ್ಲ ಎಂದರು. ಇವರು ಕೇಳಿದ್ದು ಒಂದೇ — ಶ್ರಾವಣ ಮುಗಿದ ಮೇಲೆ ಆದೀತೇ? ಅಲ್ಲಿಯವರೆಗಿನ ಗ್ಯಾರಂಟಿ ತಮ್ಮ ಹತ್ತಿರ ಇಲ್ಲ ಎಂದರು ಡಾಕ್ಟರ್.

9 ಜುಲೈ
ದಿನಾ ಆಪರೇಷನ್ನಿನದೇ ಜಗಳ. ಇವರದು ಒಂದೇ ಮಾತು — ‘ನಾಲಿಗಿ ಕೆಳಗ ಗುಳಿಗಿ ಇಟ್ಕೊಂಡ್ರ ಆರಾಮ ಐತಿ, ಬಿಡು.’
ಬಾಂದ್ರಾದಿಂದ ಇವರ ಅಣ್ಣ ಧರ್ಮಣ್ಣ ಬಂದಿದ್ದರು. ‘ಎದಿ ಕೊಯ್ಯೂದಂದ್ರ ಲಿಂಗ ತಗೀಬೇಕಾಗ್ತೈತಿ. ಹುಟ್ಟಿದಾಗಿಂದ ಮೈ ಬಿಟ್ಟಿಲ್ಲ ಅದು. ವಿಚಾರ ಮಾಡು ತಮ್ಮಾ.’ ಇವರು ಎದೆಯ ಮೇಲಿನ ಲಿಂಗ ಮುಟ್ಟಿಕೊಂಡರು. ಓಹೋ, ಬೇಡ ಅನ್ನುವುದು ಇದಕ್ಕೇ!

12 ಜುಲೈ
ಹೇಳದೆ ಕೇಳದೆ ಡಾಕ್ಟರ್ ಹತ್ತಿರ ಹೋಗಿ ಬಂದೆ. ಲಿಂಗ ಆಪರೇಷನ್ ಥಿಯೇಟರ್ ಬಾಗಿಲವರೆಗೆ ಕೊರಳಲ್ಲಿ ಇರಲಿ, ಒಳಗೆ ಮಾತ್ರ ಬೇಡ ಎಂದರು. ಮನೆಗೆ ಬಂದವಳೇ ಹೇಳಿದೆ, ‘ನೀವು ಹೊರಗ ಬರೂತನಕ ನಾ ಅಂಗೈಯಾಗ ಹಿಡಕೊಂಡು ಕುಂದರ್ತೀನ್ರಿ. ಕೆಳಗ ಇಡಂಗಿಲ್ಲ.’
ಇವರು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ — ‘ಲಿಂಗದ ಮಾತು ಅಣ್ಣಂದು. ನನಗ ಅಂಜಿಕಿ ಬಂದೈತಿ ಶರಣಿ. ಮಲಗಿದಾಂವ ಏಳಲಿಕ್ಕಿಲ್ಲ ಅಂತ.’
ಮದುವೆಯಾದಾಗಿನಿಂದ ಇವರ ಬಾಯಲ್ಲಿ ಅಂಜಿಕೆ ಎಂಬ ಮಾತು ಕೇಳಿರಲಿಲ್ಲ. ‘ನನಗೂ ಅಂಜಿಕಿನ ಐತ್ರಿ’ ಎಂದೆ. ಇಬ್ಬರೂ ಅತ್ತೆವು. ಚಹಾಕ್ಕೆ ಸಕ್ಕರೆ ಮರೆತಿದ್ದೆ, ಹಾಗೇ ಕುಡಿದರು. ಎಷ್ಟು ಪ್ರೀತಿ ಬಂತು...

23 ಜುಲೈ
ಬ್ರಿಜ್ ಮೇಲೆ ಮತ್ತೆ ನಿಂತರು. ನಾನೂ ನಿಂತೆ. ಹಿಂದಿನವರು ‘ಚಲೋ, ಚಲೋ’ ಎಂದು ನೂಕುತ್ತಿದ್ದರು. ಇವರೇ ಅಂದರು, ‘ಡಾಕ್ಟರಿಗೆ ಹೂಂ ಅಂದುಬಿಡೂಣು. ಹಿಂಗ ನಿಂತು ನಿಂತು ಬ್ಯಾಸರಾತು.’

3 ಆಗಸ್ಟ್, ಆಸ್ಪತ್ರೆ
ಬೆಳಿಗ್ಗೆಯೇ ಒಳಗೆ ಒಯ್ದರು. ಬಾಗಿಲಲ್ಲಿ ತಾವೇ ಲಿಂಗ ತೆಗೆದು ನನ್ನ ಅಂಗೈಯಲ್ಲಿಟ್ಟರು. ಇವರ ಮೈ ಬಿಸಿ ಇನ್ನೂ ಅದರಲ್ಲಿತ್ತು. ‘ಉಣ್ಣೂ ಹೊತ್ತಿಗೆ ಉಣ್ಣು. ಎಡಗೈಯಾಗ ಹಿಡಕೋ’ ಎಂದರು. ಅಂಥ ಹೊತ್ತಿನಲ್ಲೂ ನನ್ನ ಊಟದ ಚಿಂತೆ!

ಮಧ್ಯಾಹ್ನ
ಇನ್ನೂ ಇಲ್ಲ. ಧರ್ಮಣ್ಣ ಪಕ್ಕದಲ್ಲೇ ಇದ್ದಾರೆ. ‘ಕೊಡವ್ವ, ಸ್ವಲ್ಪ ಹೊತ್ತು ನಾ ಹಿಡೀತೀನಿ’ ಎಂದರು. ಕೊಡಲಿಲ್ಲ. ಬೇರೆ ಏನೂ ಮಾಡಲಾಗದು, ಬರೆಯುತ್ತಿದ್ದೇನೆ. ತೊಡೆ ಮೇಲಿಂದ ಪುಸ್ತಕ ಜಾರುತ್ತದೆ.

ಬಾಗಿಲು ತೆರೆಯಿತು. ಸಿಸ್ಟರ್. ಮುಖ ನೋಡಿದರೆ ಏನೂ ತಿಳಿಯದು. ‘ಗುರಲಿಂಗಪ್ಪಾ ಕೀ ಘರ್‌ವಾಲೀ ಕೌನ್?’ ಎನ್ನುತ್ತಿದ್ದಾಳೆ. ನಾನು. ನಾನೇ ಇವರ ಹೆಂಡತಿ. ಬಾಯಿ ಏಳುತ್ತಿಲ್ಲ. ಕೈಯನ್ನಾದರೂ ಎತ್ತಬೇಕು. ಎಡಗೈಯಲ್ಲಿ ಇವರು. ಪೆನ್ನಿನ ಕೈ ಎತ್ತು—